ಒಂದನೇ ನಂಬರಿನ ಹಗ್ಗ

ನನ್ನ ಗಂಡ ಬರ್ಟಿ ತೀರಿಕೊಂಡ ವರ್ಷ ಲಾಕಿ ಸ್ಪಿಯರ್ಸ್ ಜೊತೆ ಎಂಟು ತಿಂಗಳು ಮಾತು ಬಿಟ್ಟಿದ್ದೆ. ನಮ್ಮ ಬೇಕರಿಯ ವ್ಯಾನು ಓಡಿಸುತ್ತಿದ್ದವನು ಅವನೇ, ದಿನಾ ಬೆಳಗಿನ ಐದಕ್ಕೆ ಬಂದು ಬನ್ನಿನ ಟ್ರೇಗಳನ್ನು ಎತ್ತಿಕೊಂಡು ಹೋಗುತ್ತಿದ್ದವನೂ ಅವನೇ. ಆದರೂ ಮಾತಿಲ್ಲ. ಯಾವ ಬೀದಿಗೆ ಎಷ್ಟು ಡಜನ್ ಅಂತ ಚೀಟಿ ಬರೆದು ಟ್ರೇ ಮೇಲೆ ಇಡುತ್ತಿದ್ದೆ. ಅವನು ಅದನ್ನು ತೆಗೆದುಕೊಂಡು ಹೋಗಿ ಗಲ್ಲಾದ ಹುಡುಗಿಯ ಹತ್ತಿರ ಓದಿಸಿಕೊಳ್ಳುತ್ತಿದ್ದ ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ. ಅವನಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಅದು ನೆನಪಾದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಾನು ಕೋಪಿಷ್ಠೆ. ನೆಟ್ಟಾ ಪರ್ಡಿಯ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಗ್ಲಾಸ್ಗೋದ ಆಚೆಗಿರುವ ನಮ್ಮ ಡನ್‌ಗ್ಯಾರಿ ಊರಿಗೆ ಊರೇ ಹೇಳುತ್ತದೆ. ಆದರೆ ಆ ಸಲ ನನ್ನ ಕೋಪಕ್ಕೆ ಕಾರಣವಿತ್ತು. ಬರ್ಟಿಯ ಹಗ್ಗ ಹಿಡಿಯಲು ಲಾಕಿ ಒಲ್ಲೆ ಅಂದಿದ್ದ.

ನಮ್ಮಲ್ಲಿ ಹೆಣವನ್ನು ಗುಂಡಿಗೆ ಇಳಿಸುವುದು ಕೂಲಿಯವರಲ್ಲ. ಪೆಟ್ಟಿಗೆಗೆ ಎಂಟು ಹಗ್ಗ, ಹಿಡಿಯಲು ಎಂಟು ಜನ. ಒಂದನೇ ನಂಬರು ತಲೆಯ ಕಡೆಯದು, ಅದು ತೀರಾ ಹತ್ತಿರದವರಿಗೆ. ಎರಡನೆಯದು ಕಾಲಿನ ಕಡೆ. ಮಿಕ್ಕವು ಅಕ್ಕಪಕ್ಕ, ನೆಂಟರಿಗೆ, ಗೆಳೆಯರಿಗೆ, ಒಟ್ಟಿಗೆ ದುಡಿದವರಿಗೆ. ಯಾರು ಯಾವ ಹಗ್ಗ ಅಂತ ಹೆಸರು, ನಂಬರು ಬರೆದು ಪುಟ್ಟ ಕಾರ್ಡು ಮಾಡಿ ಮೊದಲೇ ಮನೆಗೆ ಕಳಿಸುತ್ತಾರೆ. ಆ ಕಾರ್ಡು ಬಂತೆಂದರೆ ಬೇಡ ಅನ್ನುವ ಹಾಗಿಲ್ಲ. ಸೊಂಟ ಮುರಿದವನೂ ಕೋಲೂರಿಕೊಂಡು ಬರುತ್ತಾನೆ, ಸತ್ತವನ ಮೇಲೆ ಕೋರ್ಟಿಗೆ ಹೋದವನೂ ಬಂದು ತನ್ನ ಹಗ್ಗ ಹಿಡಿಯುತ್ತಾನೆ. ಲಾಕಿ ಒಬ್ಬನೇ ಯಾರದ್ದನ್ನೂ ಹಿಡಿಯುತ್ತಿರಲಿಲ್ಲ. ಬರ್ಟಿ ಜೊತೆ ಇಪ್ಪತ್ತೆಂಟು ವರ್ಷ ಒಂದೇ ಬೇಕರಿಯಲ್ಲಿ ದುಡಿದವನು, ಆರನೇ ನಂಬರಿನ ಕಾರ್ಡನ್ನು ನನ್ನ ಕೈಗೇ ವಾಪಸು ಕೊಟ್ಟು, "ನನ್ ಕೈಲಿ ಆಗಲ್ಲ ನೆಟ್ಟಾ" ಅಂದು ಹೊರಟುಹೋದ. ಮಣ್ಣು ಮಾಡಿದ ದಿನ ಮಧ್ಯಾಹ್ನ ಮಾತ್ರ ಮಾಂಸದ ಪೈಗಳನ್ನೆಲ್ಲ ವ್ಯಾನಿನಲ್ಲಿ ತಂದು, ಸ್ಮಶಾನದಿಂದ ಬಂದ ನೂರಿಪ್ಪತ್ತು ಜನಕ್ಕೆ ತಾನೇ ಬಡಿಸಿದ. ನಾನು ಅವನ ಕೈಯಿಂದ ತಟ್ಟೆ ತೆಗೆದುಕೊಳ್ಳಲಿಲ್ಲ.

ಆಮೇಲಿನ ಎಂಟು ತಿಂಗಳು ಅವನು ಏನೇನು ಮಾಡಿದ ಅನ್ನುವುದನ್ನು ಹೇಳದಿದ್ದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಐದಕ್ಕೆ ಬರುತ್ತಿದ್ದವನು ನಾಲ್ಕಕ್ಕೇ ಬಂದು ಒಲೆ ಹೊತ್ತಿಸುತ್ತಿದ್ದ. ಬರ್ಟಿಯ ಕೆಲಸವನ್ನು ಹೇಳಿಸಿಕೊಳ್ಳದೆ ಕಲಿತ. ನಾನು ಹಿಟ್ಟು ನಾದುತ್ತಾ ನಾದುತ್ತಾ ನಿಂತುಬಿಟ್ಟರೆ, ನನ್ನನ್ನು ಸರಿಸದೆ ಹಲಗೆಯ ಇನ್ನೊಂದು ತುದಿಯಿಂದ ಹಿಟ್ಟೆಳೆದುಕೊಂಡು ತಾನು ನಾದುತ್ತಿದ್ದ. ಬೇಕರಿ ಉಳಿಯಿತು. ಒಂದು ದಿನ ಒಲೆಯ ಬಾಗಿಲಿಗೆ ನನ್ನ ಕೈ ಸುಟ್ಟಿತು. ಅವನು ಸರಕ್ಕನೆ ಬಂದು ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದ. "ನೀರು ಕೊರೀತಿದೆ ಕಣೋ" ಅಂದೆ. "ಕೊರೀಲಿ ಬಿಡು" ಅಂದ. ಹಾಗೆ ಮಾತು ಶುರುವಾಯಿತು. ಆದರೆ ಆರನೇ ನಂಬರಿನ ಮುಳ್ಳು ನನ್ನೊಳಗೆ ಹಾಗೇ ಇತ್ತು, ಹನ್ನೊಂದು ವರ್ಷ.

ಲಾಕಿ ಆಳು ಗಿಡ್ಡ, ತಲೆಯ ಮೇಲೆ ಬೇಸಿಗೆಯಲ್ಲೂ ಟೋಪಿ. ತಿನ್ನುವಾಗ ಬಾಯಿ ಮುಚ್ಚುತ್ತಿರಲಿಲ್ಲ, ತುತ್ತಿಗೊಂದು ಕಥೆ. "ನುಂಗಿಯಾದ್ರೂ ಮಾತಾಡೋ ಮಾರಾಯ" ಅಂತ ಬೈಯುತ್ತಿದ್ದೆ. ಅವನ ದಾರಿಯ ಮಕ್ಕಳಿಗೆಲ್ಲ ಅವನೆಂದರೆ ಪ್ರಾಣ. ಯಾರದಾದರೂ ಕಾಲಲ್ಲಿ ಕಾಲುಚೀಲ ಇಲ್ಲದಿದ್ದರೆ ಮಾರನೆಯ ದಿನ ಬನ್ನಿನ ಪೊಟ್ಟಣದ ಜೊತೆ ಒಂದು ಜೊತೆ ಉಣ್ಣೆಯ ಕಾಲುಚೀಲ ಹೋಗುತ್ತಿತ್ತು. ಮದುವೆ ಆಗಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ಒಂದು ದಿನ ವ್ಯಾನು ಎರಡು ಗಂಟೆ ತಡವಾಗಿ ವಾಪಸಾಗುತ್ತಿತ್ತು, ಎಲ್ಲಿಗೆ ಹೋಗಿದ್ದೆ ಅಂದರೆ ಖಾಲಿ ಟ್ರೇಗಳನ್ನು ಇಳಿಸಲು ಹೋಗುತ್ತಿದ್ದ. ಪಕ್ಕದ ಊರಲ್ಲಿ ಯಾವಳೋ ವಿಧವೆಯನ್ನು ಇಟ್ಟುಕೊಂಡಿದ್ದಾನೆ ಅಂತ ನಾವು ಗಲ್ಲಾದವರೆಲ್ಲ ತೀರ್ಮಾನ ಮಾಡಿ, ಅವಳಿಗೆ ಒಂದು ಹೆಸರನ್ನೂ ಇಟ್ಟಿದ್ದೆವು. ಅವನು ಇಲ್ಲ ಅನ್ನುತ್ತಿರಲಿಲ್ಲ, ನಕ್ಕು ಟೋಪಿ ಸರಿಮಾಡಿಕೊಳ್ಳುತ್ತಿದ್ದ.

ಚಿಕ್ಕಂದಿನಲ್ಲಿ ಅವನು ಬಾರ್‌ಲಾಗನ್ ಅನಾಥಾಲಯದಲ್ಲಿ ಬೆಳೆದವನು ಅಂತ ಮಾತ್ರ ಗೊತ್ತಿತ್ತು. ಅಪ್ಪ ಎಲ್ಲಿ ಹೋದನೋ, ಅಮ್ಮ ಕ್ಷಯದಿಂದ ಆಸ್ಪತ್ರೆಯಲ್ಲಿ. ಚರ್ಚಿನ ಕೆಲವು ದೊಡ್ಡ ಮನುಷ್ಯರ ಒಂದು ಸಮಿತಿ ನಡೆಸುತ್ತಿದ್ದ ಮನೆ ಅದು. ಮುಚ್ಚಿ ಎಷ್ಟೋ ವರ್ಷವಾಗಿ ಈಗ ಅಲ್ಲಿ ಹೊಸ ಮನೆಗಳು ಎದ್ದಿವೆ.

ಒಂದು ಬೆಳಿಗ್ಗೆ ವ್ಯಾನಿನ ರೇಡಿಯೋದಲ್ಲಿ ಸುದ್ದಿ ಬಂತಂತೆ. ಅಂಥ ಮನೆಗಳಲ್ಲಿ ಮಕ್ಕಳಾಗಿದ್ದಾಗ ಹಿಂಸೆ ಅನುಭವಿಸಿದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ, ಕ್ಷಮೆಯನ್ನೂ ಕೇಳುತ್ತದೆ, ಅರ್ಜಿ ಹಾಕಿ ಅಂತ. ಲಾಕಿ ರೇಡಿಯೋ ಆರಿಸಿ, ಬೇಕರಿಯ ಹಿಂದೆ ವ್ಯಾನಿನಲ್ಲೇ ಕೂತಿದ್ದ. ಬನ್ನು ಆರಿಹೋಗುತ್ತಿದೆ ಅಂತ ಬೈಯಲು ಹೋದವಳು ಅವನ ಮುಖ ನೋಡಿ ಪಕ್ಕದಲ್ಲಿ ಹತ್ತಿ ಕೂತೆ.

"ಅರ್ಜಿ ಬರ್ಕೊಡ್ತೀಯಾ?" ಅಂದ.

"ಬರ್ಕೊಡ್ತೀನಿ. ದುಡ್ಡು ಬಂದ್ರೆ ಮೊದಲು ಈ ವ್ಯಾನಿನ ಟೈರು ಬದಲಾಯ್ಸು."

"ದುಡ್ಡಿಗಲ್ಲ ಕಣೇ. ಅಲ್ಲಿ ಆಗಿದ್ದು ನಿಜ ಅಂತ ಯಾರಾದ್ರೂ ಒಬ್ರು ಬರ್ದು ಕೊಡ್ಬೇಕು. ಎಪ್ಪತ್ಮೂರು ವರ್ಷ ಆಯ್ತು ನಂಗೆ. ಒಂದೊಂದ್ಸಲ ನಾನೇ ಕಟ್ಟಿದ ಕಥೆಯೇನೋ ಅನ್ಸುತ್ತೆ."

ಅವನಿಗೆ ಬೇಕಾಗಿದ್ದು ಅಷ್ಟೇ. ಹಿಟ್ಟಿನ ಹಲಗೆಯ ಮೇಲೆ ಅರ್ಜಿ ಹರಡಿಕೊಂಡು ಹದಿನೈದು ದಿನ ಬರೆದೆವು. ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಊಟದ ಹೊತ್ತಿಗೆ ತುಟಿ ಬಿಚ್ಚಿದರೆ ಚಮಚದಿಂದ ಗೆಣ್ಣಿನ ಮೇಲೆ ಏಟು. ಹೆಸರಿಲ್ಲ, ನಂಬರು ಮಾತ್ರ, ಅವನದು ಹತ್ತೊಂಬತ್ತು. ಹಾಸಿಗೆ ಒದ್ದೆಯಾದರೆ ಒದ್ದೆ ಬಟ್ಟೆಯಲ್ಲೇ ಕಲ್ಲಿನ ಓಣಿಯಲ್ಲಿ ನಿಲ್ಲಬೇಕು. ಕೆಲವನ್ನು ಅವನು ಗೋಡೆ ಕಡೆ ತಿರುಗಿಕೊಂಡು ಹೇಳಿದ. ಅವನ್ನು ಅರ್ಜಿಯಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ನಮ್ಮ ಅರ್ಜಿ ನೋಡಿಕೊಳ್ಳಲು ಶೋನಾ ಕಿನ್‌ಕೇಡ್ ಅನ್ನುವ ಹುಡುಗಿಯನ್ನು ನೇಮಿಸಿದ್ದರು. ಫೋನಿನಲ್ಲಿ ಮೆಲ್ಲಗೆ, ನಿಧಾನವಾಗಿ ಮಾತಾಡುತ್ತಿದ್ದಳು. ಅವನು ಆ ಮನೆಯಲ್ಲಿದ್ದ ಅನ್ನುವುದಕ್ಕೆ ಯಾವುದಾದರೂ ಒಂದು ಕಾಗದ ಬೇಕು ಅಂದಳು. ಸಮಿತಿಯ ದಾಖಲೆಗಳನ್ನು ಅವಳೇ ಹುಡುಕಿಸಿದಳು. ಎರಡು ತಿಂಗಳ ಮೇಲೆ ಫೋನು ಬಂತು. ಆ ವರ್ಷಗಳ ಪುಸ್ತಕಗಳೇ ಸಿಕ್ಕಿಲ್ಲ, ಲಾಕ್ಲನ್ ಸ್ಪಿಯರ್ಸ್ ಅನ್ನುವ ಹುಡುಗನ ಹೆಸರು ಎಲ್ಲೂ ಇಲ್ಲ. ನಿಮ್ಮ ಹತ್ತಿರವೇ ಏನಾದರೂ ಇದೆಯಾ, ಶಾಲೆಯ ಚೀಟಿ, ಫೋಟೋ, ಕಾಗದ? ಇಲ್ಲ ಅಂದ ಲಾಕಿ. ನಾನೂ ಕೇಳಿದೆ, ಮೂರು ಸಲ ಕೇಳಿದೆ. ಯಾವ ಕಾಗದವೂ ಇಲ್ಲ ಅಂದ. ಫೋನಿಟ್ಟು, "ನೋಡು, ನಾನು ಅಲ್ಲಿ ಇರ್ಲೇ ಇಲ್ಲ" ಅಂತ ನಕ್ಕ. ಅರ್ಜಿಯ ನಕಲನ್ನು ಮಡಿಸಿ ಡಬ್ಬಿಗಳ ಹಿಂದೆ ಇಟ್ಟುಬಿಟ್ಟ.

ಅದೇ ವಾರ ಪಾರಿವಾಳ ಸಾಕುತ್ತಿದ್ದ ಸ್ಯಾಂಡಿ ತೀರಿಕೊಂಡ. ನಲವತ್ತು ವರ್ಷ ಲಾಕಿಯ ವ್ಯಾನಿನಿಂದ ಬನ್ನು ಕೊಂಡ ಮುದುಕ. ಅಂತ್ಯಕ್ರಿಯೆ ನಡೆಸಿಕೊಡುವ ರಾಬ್ ಹ್ಯಾಡೋ ಎಷ್ಟು ಪೈ ಬೇಕು ಅಂತ ಹೇಳಲು ಬಂದವನು, ಗಲ್ಲಾದ ಮೇಲೆ ಒಂದು ಕಾರ್ಡನ್ನೂ ಇಟ್ಟ. ಐದನೇ ನಂಬರು, ಲಾಕಿ ಸ್ಪಿಯರ್ಸ್. ಸ್ಯಾಂಡಿ ಸಾಯುವ ಮುಂಚೆ ತಾನೇ ಹೇಳಿ ಬರೆಸಿದ್ದನಂತೆ. ಲಾಕಿ ಕಾರ್ಡನ್ನು ಮುಟ್ಟಲೂ ಇಲ್ಲ. "ಆಗಲ್ಲ ರಾಬ್" ಅಂದ.

ನನ್ನೊಳಗಿನ ಹನ್ನೊಂದು ವರ್ಷ ಒಂದೇ ಸಲಕ್ಕೆ ಬಾಯಿಗೆ ಬಂತು. ಸ್ಯಾಂಡಿಗೂ ಆಗಲ್ಲ, ನನ್ನ ಬರ್ಟಿಗೂ ಆಗಲಿಲ್ಲ, ನಿನ್ನ ಕೈಗೇನು ಲಕ್ವ ಹೊಡೆದಿದೆಯಾ, ಅವರು ಸತ್ತು ನಿನ್ನ ಹತ್ತಿರ ಕೇಳಿದ್ದು ಒಂದು ಹಗ್ಗ ಹಿಡಿ ಅಂತ ತಾನೇ ಅಂತ ಬೇಕರಿಯೆಲ್ಲ ಕೇಳುವ ಹಾಗೆ ಕೂಗಾಡಿದೆ. ರಾಬ್ ಟೋಪಿ ತಿರುಗಿಸುತ್ತಾ ನಿಂತಿದ್ದ.

ಲಾಕಿ ಪರ್ಸು ತೆಗೆದ. ಅದರ ಒಳಮಡಿಕೆಯಿಂದ, ಬನ್ನು ಸುತ್ತುವ ಎಣ್ಣೆಕಾಗದದಲ್ಲಿ ಸುತ್ತಿಟ್ಟ ಏನನ್ನೋ ತೆಗೆದು ಬಿಚ್ಚಿ ಗಲ್ಲಾದ ಮೇಲಿಟ್ಟ.

"ನಂಗೆ ಒಂದು ಹಗ್ಗ ಆಗಿದೆ ನೆಟ್ಟಾ. ಒಂದೇ ಸಾಕಾಯ್ತು."

ಕಪ್ಪು ಅಂಚಿನ ಪುಟ್ಟ ಕಾರ್ಡು, ಹಳದಿಯಾಗಿ ಮೂಲೆ ಸವೆದಿತ್ತು. ಮೇಲೆ ಹ್ಯಾಡೋ ಮತ್ತು ಮಗ ಅಂತ ಅಚ್ಚು. ಕೆಳಗೆ ಪೆನ್ಸಿಲ್ಲಿನಲ್ಲಿ: ಬಾರ್‌ಲಾಗನ್ ಅನಾಥಾಲಯದ ಫ್ರಾನ್ಸಿಸ್ ಮಕಿನ್, ವಯಸ್ಸು ಎಂಟು, ಸಮಾಧಿ 1959ರ ಫೆಬ್ರವರಿ ಹನ್ನೊಂದು. ಒಂದನೇ ನಂಬರಿನ ಹಗ್ಗ: ಮಾಸ್ಟರ್ ಲಾಕ್ಲನ್ ಸ್ಪಿಯರ್ಸ್, ಅದೇ ಮನೆ.

ನಾನು ಓದಿದೆ, ಇನ್ನೊಂದು ಸಲ ಓದಿದೆ. ಆಮೇಲೆ ಕೂಗಿದ್ದು ಇನ್ನೂ ಜೋರಾಗಿ. "ಅಯ್ಯೋ ಪೆದ್ದೇ! ಕಾಗದ ಇದ್ಯಾ ಅಂತ ಮೂರ್ಸಲ ಕೇಳಿದ್ನಲ್ಲೋ, ಇದೇನಿದು ಹಾಗಾದ್ರೆ?"

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಇದು ಕಾಗದ ಅಲ್ವಲ್ಲ," ಅಂದ. "ಇದು ಫ್ರಾಂಕಿ ಹಗ್ಗ."

ನಮ್ಮವರು ಯಾರೇ ಆಗಿದ್ದರೂ ಹಾಗೇ ಅನ್ನುತ್ತಿದ್ದರು. ಬರ್ಟಿಯ ಅಪ್ಪನ ಹಗ್ಗದ ಕಾರ್ಡು ನಮ್ಮ ಮನೆಯ ಬೈಬಲ್ಲಿನಲ್ಲಿದೆ, ಅದನ್ನು ಸರ್ಕಾರದ ಕಚೇರಿಗೆ ತೋರಿಸುವುದು ನನಗೂ ಹೊಳೆಯುತ್ತಿರಲಿಲ್ಲ. ರಾಬ್ ಬಗ್ಗಿ ನೋಡಿ, "ಇದು ನಮ್ಮಪ್ಪನ ಕೈಬರಹ" ಅಂದ. ಆಮೇಲೆ ಅವನೇ ಹೋಗಿ ಅಂಗಡಿಯ ಬಾಗಿಲಿಗೆ ಅಗುಳಿ ಹಾಕಿ ಬಂದ.

ಲಾಕಿ ಆವತ್ತು ನಿಂತುಕೊಂಡೇ ಎಲ್ಲ ಹೇಳಿದ. ಫ್ರಾಂಕಿ, ಅಂದರೆ ಕಾರ್ಡಿನ ಫ್ರಾನ್ಸಿಸ್, ಅವನ ಪಕ್ಕದ ಹಾಸಿಗೆಯವನು. ಹಾಸಿಗೆ ಒದ್ದೆ ಮಾಡಿಕೊಂಡನೆಂದು ಆ ಮನೆಯ ಮೇಲ್ವಿಚಾರಕಿ ಮೇಟ್ರನ್ ಅವನನ್ನು ಓಣಿಯಲ್ಲಿ ನಿಲ್ಲಿಸಿದಳು, ಹಿಮ ಬೀಳುವ ಫೆಬ್ರವರಿಯಲ್ಲಿ. ಲಾಕಿ ಕದ್ದು ತನ್ನ ಕಾಲುಚೀಲ ಕೊಟ್ಟು, ಅದಕ್ಕೆ ಬೆತ್ತದ ಏಟು ತಿಂದ. ಮೂರನೆಯ ದಿನ ಹುಡುಗನಿಗೆ ಜ್ವರ ಬಂತು, ವಾರದೊಳಗೆ ಹೋದ. ಫ್ಲೂ ಅಂತ ಬರೆದುಕೊಂಡರು. ಬಂಧುಗಳಿಲ್ಲದ ಹುಡುಗ, ಹಗ್ಗ ಹಿಡಿಯುವವರು ಯಾರು? ಜೊತೆಯ ಹುಡುಗರೇ ಹಿಡಿದರೆ ನೋಡಲು ಚೆನ್ನ ಅಂತ ಸಮಿತಿಯವರಿಗೆ ಅನ್ನಿಸಿತು. ರಾಬ್‌ನ ಅಪ್ಪ ಮಾತ್ರ ಎಲ್ಲರಿಗೂ ಮಾಡುವ ಹಾಗೆ, ಮಗುವಿನ ಪೆಟ್ಟಿಗೆಗೆ ನಾಲ್ಕೇ ಹಗ್ಗವಾದ್ದರಿಂದ ನಾಲ್ಕು ಹುಡುಗರಿಗೂ ಕ್ರಮವಾಗಿ ಕಾರ್ಡು ಬರೆದ, ಒಬ್ಬೊಬ್ಬರ ಹೆಸರು ಕೇಳಿ ಕೇಳಿ.

"ನನ್ ಹೆಸರು ಬರ್ದಿದ್ದು ನಾನು ಮೊದಲ್ನೇ ಸಲ ನೋಡಿದ್ದು ಅದ್ರಲ್ಲೇ," ಅಂದ ಲಾಕಿ. "ನಿಮ್ಮಪ್ಪ ಒಳ್ಳೇ ಮನುಷ್ಯ ರಾಬ್. ನಂಬರ್ ಕೇಳ್ಲಿಲ್ಲ, ಹೆಸರು ಕೇಳಿದ."

ಅವತ್ತು ಆಲಿಕಲ್ಲಿನಂಥ ಮಳೆ. ನೆಲ ಉಜ್ಜಿ ಉಜ್ಜಿ ಬಿರಿದ ಕೈ, ನೆನೆದ ಹಗ್ಗ. ಅರ್ಧ ಇಳಿಯುವಷ್ಟರಲ್ಲಿ ಲಾಕಿಯ ಕೈಯಿಂದ ಹಗ್ಗ ಜಾರಿತು. ಪೆಟ್ಟಿಗೆಯ ತಲೆ ಕಡೆ ದಡ್ ಅಂತ ಬಿತ್ತು. ಹೊಡೆತ ಆಮೇಲೆ ಬಿದ್ದದ್ದು, ಅದನ್ನು ಅವನು ಮರೆತಿದ್ದ. ಮರೆಯದೆ ಉಳಿದದ್ದು ಮೇಟ್ರನ್ ಗುಂಡಿಯ ಅಂಚಿನಲ್ಲಿ ಬಗ್ಗಿ ಅವನ ಕಿವಿಯಲ್ಲಿ ಅಂದ ಮಾತು: ಕೊನೆಗೂ ಅವನನ್ನು ಬೀಳಿಸಿದವನು ನೀನೇ.

ಫೆಬ್ರವರಿಯ ಆ ಎರಡು ಗಂಟೆ, ನಾವು ಹೆಸರಿಟ್ಟಿದ್ದ ಆ ವಿಧವೆ, ಎರಡೂ ಫ್ರಾಂಕಿ ಮಲಗಿದ್ದ ಜಾಗವೇ, ಬಾರ್‌ಲಾಗನ್ ಸ್ಮಶಾನದ ಗೋಡೆಯ ಪಕ್ಕದ ಕಲ್ಲಿಲ್ಲದ ಒಂದು ಹುಲ್ಲುಜಾಗ. ಬಿಸಿ ಬನ್ನೊಂದನ್ನು ಅಲ್ಲಿಟ್ಟು ಬರುತ್ತಿದ್ದನಂತೆ, ಕಾಗೆಗಳು ತಿನ್ನುತ್ತವೆ ಅಂತ ಗೊತ್ತಿದ್ದೂ. ಎಷ್ಟು ವರ್ಷ ಅವನನ್ನು ಅದಕ್ಕಾಗಿ ರೇಗಿಸಿದ್ದೆ. ನಾನು ಗಲ್ಲಾದ ಈಚೆ ನಿಂತು ಅತ್ತೆ, ಮುಚ್ಚಿಟ್ಟುಕೊಳ್ಳಲಿಲ್ಲ.

ಕಾರ್ಡಿನ ಫೋಟೋ ತೆಗೆದು ಶೋನಾಗೆ ಕಳಿಸಿದೆವು. ಪೆನ್ಸಿಲ್ ಮಾಸಿತ್ತು, ಫೋಟೋದಲ್ಲಿ ಹೆಸರೇ ಮೂಡಲಿಲ್ಲ. ಮೂಲ ಕಾರ್ಡನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ಜೋಪಾನವಾಗಿ ವಾಪಸು ಮಾಡುತ್ತೇವೆ ಅಂದಳು. ಲಾಕಿ ಆಗುವುದಿಲ್ಲ ಅಂದ. ಅರವತ್ತಮೂರು ವರ್ಷ ನನ್ನ ಎದೆ ಬಿಟ್ಟು ಹೋಗಿಲ್ಲ, ಇನ್ನೊಂದು ಸಲ ನನ್ನ ಕೈಜಾರುವುದು ಬೇಡ, ಅರ್ಜಿ ಹೋದರೆ ಹೋಗಲಿ ಅಂದ. ನಾನು ಬೈದೆ, ಬೇಡಿಕೊಂಡೆ, ಊಹೂಂ. ಫೋನಿನ ಆ ಕಡೆಯಿಂದ ಶೋನಾ, ಹಾಗಾದರೆ ನಾನೇ ಬರುತ್ತೇನೆ ಅಂದಳು.

ಬುಧವಾರ ಬಂದಳು. ಗ್ಲಾಸ್ಗೋದಿಂದ ರೈಲು, ಅಲ್ಲಿಂದ ಬಸ್ಸು, ಕೊಡೆ ಮುರಿದು ತೊಪ್ಪೆಯಾಗಿ ನಿಂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಸರ್ಕಾರದವರೆಂದರೆ ನನಗೆ ಅಷ್ಟಕ್ಕಷ್ಟೆ, ಆದರೆ ಅವಳು ಬಂದವಳೇ ಕೇಳಿದ್ದು ಕೈ ತೊಳೆಯುವುದು ಎಲ್ಲಿ ಅಂತ. ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿಕೊಂಡು, ಆಮೇಲೆ ಹಿಟ್ಟಿನ ಹಲಗೆಯ ಮುಂದೆ ಕೂತು, "ನೋಡಬಹುದಾ ಮಿಸ್ಟರ್ ಸ್ಪಿಯರ್ಸ್?" ಅಂದಳು. ಊರಲ್ಲಿ ಅವನನ್ನು ಯಾರೂ ಹಾಗೆ ಕರೆದವರಿಲ್ಲ. ಲಾಕಿ ಟೋಪಿ ತೆಗೆದ. ಎಣ್ಣೆಕಾಗದ ಬಿಚ್ಚಿ ಕಾರ್ಡನ್ನು ತಾನೇ ಅವಳ ಅಂಗೈಯಲ್ಲಿಟ್ಟ.

ಅವಳು ಓದಿದಳು. ಕಿಟಕಿಯ ಬೆಳಕಿಗೆ ಹಿಡಿದು ಬರೆದುಕೊಂಡಳು. ರಾಬ್ ಬಂದು ಅಪ್ಪನ ಅಕ್ಷರ ಅಂತ ಸಹಿ ಮಾಡಿಕೊಟ್ಟ. ಎಲ್ಲ ಮುಗಿದು ಕಾರ್ಡು ವಾಪಸು ಕೊಡುವಾಗ ಲಾಕಿ, ಅವಳು ಕೇಳದೆಯೇ, ಹಗ್ಗ ಜಾರಿದ್ದನ್ನು ಹೇಳಿದ. ಅರ್ಜಿಯಲ್ಲಿ ಅದನ್ನು ಬರೆಸಿರಲಿಲ್ಲ. ಅದು ಅವನ ಲೆಕ್ಕದಲ್ಲಿ ಅವರ ತಪ್ಪಲ್ಲ, ತನ್ನದು.

ಶೋನಾ ಪೆನ್ನು ಕೆಳಗಿಟ್ಟಳು. "ಆಗ ನಿಮಗೆಷ್ಟು ವಯಸ್ಸು?"

"ಹತ್ತು."

"ಹತ್ತು ವರ್ಷದ ಹುಡುಗನ ಕೈಗೆ ಆ ಹಗ್ಗ ಕೊಡಬಾರದಿತ್ತು ಮಿಸ್ಟರ್ ಸ್ಪಿಯರ್ಸ್. ಕೊಟ್ಟವರು ದೊಡ್ಡವರು. ನೀವು ಅವನಿಗೆ ಕಾಲುಚೀಲ ಕೊಟ್ಟವರು."

ಲಾಕಿ ಎದ್ದು ಹೋಗಿ ಒಲೆಯಿಂದ ಒಂದು ಬಿಸಿ ಪೈ ತೆಗೆದು ತಟ್ಟೆಗಿಟ್ಟು ಅವಳ ಮುಂದಿಟ್ಟ, ಫೋರ್ಕನ್ನು ತನ್ನ ಅಂಗಿಯ ತುದಿಗೆ ಒರೆಸಿ ಕೊಟ್ಟ. ಬೇರೆ ದಿನವಾಗಿದ್ದರೆ ಅಂಗಿಗೆ ಒರೆಸಿದ್ದಕ್ಕೆ ನಾನು ಸುಮ್ಮನಿರುತ್ತಿರಲಿಲ್ಲ. ಆ ಹುಡುಗಿ ಪೂರ್ತಿ ತಿಂದಳು. ಅವಳನ್ನು ಹೆತ್ತವರು ತಣ್ಣಗಿರಲಿ ಅಂತ ನಾನು ಇವತ್ತಿಗೂ ಹರಸುತ್ತೇನೆ.

ಮೂರು ತಿಂಗಳ ಮೇಲೆ ಕಾಗದ ಬಂತು. ನಾನು ಒಡೆದು ಓದಲು ಹೋದರೆ, ಕೊಡು ಅಂದ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದ. ನೀವು ಹೇಳಿದ್ದನ್ನು ನಾವು ನಂಬಿದ್ದೇವೆ. ನಿಮಗೆ ಹಾಗಾಗಬಾರದಿತ್ತು. ನಮ್ಮನ್ನು ಕ್ಷಮಿಸಿ. ಅಷ್ಟು ಓದುವುದಕ್ಕೆ ಒಂದು ಒಲೆ ಬನ್ನು ಸೀದುಹೋಗುವಷ್ಟು ಹೊತ್ತು ಹಿಡಿಯಿತು. ಬನ್ನು ಸೀದುಹೋದವು ಕೂಡ, ಮಿಲ್ ಸ್ಟ್ರೀಟಿನವರಿಗೆ ಆವತ್ತು ಬನ್ನಿಲ್ಲ. ಅವನು ಕಾಗದ ಮಡಿಸಿ, "ನಾನು ಅಲ್ಲಿದ್ದೆ" ಅಂದ. "ಇದ್ದೆ ಕಣೋ" ಅಂದೆ.

ದುಡ್ಡು ಏನಾಯಿತು ಅಂತ ಕೇಳುವವರಿದ್ದಾರೆ. ಬಾರ್‌ಲಾಗನ್ ಸ್ಮಶಾನದಲ್ಲಿ ಫ್ರಾನ್ಸಿಸ್ ಮಕಿನ್ ಅಂತ ಹೆಸರು ಕೊರೆದ ಒಂದು ಬೂದುಗಲ್ಲು ಎದ್ದಿದೆ. ವ್ಯಾನಿಗೆ ಹೊಸ ಟೈರು ಬಿದ್ದಿವೆ. ಮಿಕ್ಕಿದ್ದು ನನಗೆ ಗೊತ್ತಿಲ್ಲ, ಊರಿನ ಮಕ್ಕಳ ಕಾಲುಗಳಂತೂ ಬೆಚ್ಚಗಿವೆ.

ನನಗೂ ಎಪ್ಪತ್ತಾರಾಯಿತು. ಹೋದ ತಿಂಗಳು ರಾಬ್‌ನನ್ನು ಕರೆಸಿ ನನ್ನ ಎಂಟು ಹಗ್ಗಗಳ ಪಟ್ಟಿ ಬರೆಸಿದೆ. ನಮ್ಮಲ್ಲಿ ಬುದ್ಧಿಯಿರುವವರು ಬದುಕಿದ್ದಾಗಲೇ ಬರೆಸಿಡುತ್ತಾರೆ, ಇಲ್ಲವಾದರೆ ಹೆಣದ ಮುಂದೆ ಜಗಳ. ನ್ಯಾಯವಾಗಿ ಒಂದನೇ ನಂಬರು ನನ್ನ ಮಗ ಕಾಲಿನ್‌ನದು. ಅವನ ಹತ್ತಿರ ಮಾತಾಡಿದೆ. ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವ ನನ್ನ ಮಗನಿಗೆ ಬಾಯಿ ಕಡಿಮೆ, ಬುದ್ಧಿ ಜಾಸ್ತಿ. ನಾನು ಎರಡನೆಯದು ಹಿಡಿಯುತ್ತೇನಮ್ಮ ಅಂದ. ಕಾರ್ಡು ಬರೆಸಿಕೊಂಡು ಮಾರನೆಯ ಬೆಳಿಗ್ಗೆ ಲಾಕಿಯ ಟ್ರೇ ಮೇಲೆ ಇಟ್ಟೆ, ಮಾತು ಬಿಟ್ಟಿದ್ದಾಗ ಚೀಟಿ ಇಡುತ್ತಿದ್ದ ಹಾಗೆ.

ಅವನು ಬೆರಳಿಟ್ಟು ಓದಿದ. ನಂಬರು ನೋಡಿ ತಲೆಯೆತ್ತಿದ. ಬೇಡ ಅಂದರೆ ಈ ಸಲ ಬೈಯಬಾರದು ಅಂತ ರಾತ್ರಿಯೇ ಆಣೆ ಹಾಕಿಕೊಂಡಿದ್ದೆ.

"ಇದು ತಲೆ ಕಡೇದು," ಅಂದ.

"ಗೊತ್ತು. ನಾನೇ ಬರೆಸಿದ್ದು."

ಅವನು ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ. ಹಿಟ್ಟು ಮೆತ್ತಿತ್ತು.

"ನೀನೇನ್ ಹಗುರದವಳಲ್ಲ ನೆಟ್ಟಾ. ಐವತ್ತು ವರ್ಷ ಪೈ ತಿಂದಿದೀಯ."

"ಅದಕ್ಕೇ ಮುಂಚೆನೇ ಹೇಳ್ತಿರೋದು."

"ಎರಡೂ ಕೈಲಿ ಹಿಡ್ಕೋತೀನಿ ಬಿಡು," ಅಂದ.

ಕೈ ಒರೆಸಿಕೊಂಡು ಪರ್ಸು ತೆಗೆದ. ನನ್ನ ಕಾರ್ಡನ್ನು ಫ್ರಾಂಕಿಯ ಕಾರ್ಡಿನ ಜೊತೆ ಅದೇ ಎಣ್ಣೆಕಾಗದದಲ್ಲಿ ಸುತ್ತಿ ಒಳಗಿಟ್ಟ. ಆಮೇಲೆ ಟ್ರೇ ಎತ್ತಿಕೊಂಡು ಹೋದ, ಆರೂವರೆಗೆ ಮಿಲ್ ಸ್ಟ್ರೀಟಿಗೆ ಬನ್ನು ಮುಟ್ಟಬೇಕಿತ್ತು.